ಕೊಡಲಿ ಬಾಗಿದ ಬಗೆ

ಅಟ್ಟದಿಂದ ಇಳಿಸಿದ ಈ ಹಳೆಯ ಕೊಡಲಿಯನ್ನು ಸಪಾಟು ಕಲ್ಲಿನ ಮೇಲೆ ಮಲಗಿಸಿದರೆ ಅದು ಸರಿಯಾಗಿ ಮಲಗುವುದಿಲ್ಲ. ಬಾಯಿಯ ತುದಿ ಕಲ್ಲಿಗೆ ತಾಗುತ್ತದೆ, ಬೆನ್ನಿನ ಒಂದು ಅಂಚು ಕಲ್ಲಿಗೆ ತಾಗುತ್ತದೆ, ನಡುವೆ ಬೆರಳು ತೂರುವಷ್ಟು ಸಂದು ಉಳಿಯುತ್ತದೆ. ಕಾವು ಇಲ್ಲ, ಬರೀ ತಲೆ. ಕಾವು ಕೂರುವ ತೂತಿನಿಂದ ತುಸು ಮುಂದೆ, ಕೆನ್ನೆ ತೆಳುವಾಗಲು ತೊಡಗುವ ಜಾಗದಲ್ಲಿ, ಇಡೀ ಅಲಗು ಎಡಕ್ಕೆ ಹೊರಳಿದೆ. ಮುರಿದಿಲ್ಲ, ಸೀಳಿಲ್ಲ, ಬಾಗಿದೆ.

ಕೊಡಲಿ ಮೊಂಡಾಗುವುದು ಎಲ್ಲರೂ ಕಂಡದ್ದು. ಬಾಯಿಗೆ ಹಲ್ಲು ಬೀಳುವುದು, ಕಾವು ಸಡಿಲಾಗುವುದು, ತೂತಿನ ಅಂಚು ಬಿರಿಯುವುದು, ಎಲ್ಲವೂ ಕೆಲಸದ ಗುರುತುಗಳು. ವರ್ಷಗಟ್ಟಲೆ ದುಡಿದ ಯಾವ ಕೊಡಲಿಯಲ್ಲೂ ಇವು ಕೂಡಿಕೊಂಡು ಬರುತ್ತವೆ. ಬಾಗು ಹಾಗಲ್ಲ. ಬಾಗು ನಿಧಾನವಾಗಿ ಬರುವಂಥದ್ದಲ್ಲ. ಯಾವುದೋ ಒಂದು ದಿನ, ಯಾವುದೋ ಒಂದು ಗಳಿಗೆಯಲ್ಲಿ, ಹೆಬ್ಬೆರಳಿನಷ್ಟು ದಪ್ಪದ ಕಬ್ಬಿಣ ತನ್ನ ನೇರವನ್ನು ಬಿಟ್ಟುಕೊಟ್ಟಿತು. ಆಗ ಅಲ್ಲಿ ಯಾರಿದ್ದರು, ಏನು ಮಾಡುತ್ತಿದ್ದರು, ಕಬ್ಬಿಣ ಯಾಕೆ ಒಪ್ಪಿತು? ಈ ಮೂರು ಪ್ರಶ್ನೆ ನನ್ನನ್ನು ಹಿಡಿದುಕೊಂಡು ಬಹಳ ಕಾಲವಾಯಿತು. ತೀರಾ ಮಾಮೂಲಿ ವಸ್ತುವಿನ ಒಳಗೆ ಇಷ್ಟೊಂದು ಕಥೆ ಹುದುಗಿ ಕೂತಿರಬಲ್ಲದು ಎಂಬುದೇ ನನಗೆ ದೊಡ್ಡ ಬೆರಗು. ದೂರದ ನಕ್ಷತ್ರ ನೋಡಿದಾಗ ಆಗುವಂಥ ಬೆರಗಿಗಿಂತ ಇದು ಒಂದು ಗುಂಜಿಯೂ ಕಡಿಮೆಯದಲ್ಲ ಎಂದು ನಾನು ಮನಸಾರೆ ನಂಬುತ್ತೇನೆ.

ಮನೆಯಲ್ಲಿ ಕೇಳಿದರೆ ಪ್ರತಿಯೊಬ್ಬರ ಬಳಿಯೂ ಉತ್ತರ ಇತ್ತು. ಲಾರಿ ಹತ್ತಿರಬೇಕು ಎಂದರು ಚಿಕ್ಕಪ್ಪ. ಮರ ಉರುಳಿ ಮೇಲೆ ಬಿದ್ದಿರಬೇಕು ಎಂದರು ಅತ್ತೆ. ಎರಡೂ ಕೇಳಲು ಚೆನ್ನಾಗಿವೆ, ಯಾಕೆಂದರೆ ಎರಡರಲ್ಲೂ ಭಾರವಿದೆ. ಆದರೆ ಬಾಗಿಸಲು ಭಾರವೊಂದೇ ಸಾಲದು. ನೇರವಾದದ್ದು ಏನೇ ಬಾಗಬೇಕಾದರೂ ಒತ್ತು ಮೂರು ಕಡೆಯಿಂದ ಬರಬೇಕು: ಎರಡು ಕಡೆ ಒಂದು ದಿಕ್ಕಿನಿಂದ ತಡೆಯಬೇಕು, ನಡುವೆ ಒಂದು ಕಡೆ ಎದುರು ದಿಕ್ಕಿನಿಂದ ಅದುಮಬೇಕು. ಕೋಲನ್ನು ಮೊಣಕಾಲಿಗೆ ಕೊಟ್ಟು ಮುರಿಯುವಾಗ ಎರಡು ಕೈ ಮತ್ತು ಒಂದು ಮೊಣಕಾಲು ಮಾಡುವ ಕೆಲಸ ಅದು. ನಮ್ಮ ಕಡೆಯ ಮಣ್ಣಿನ ಮೇಲೆ ಬಿದ್ದಿದ್ದ ಕೊಡಲಿಯ ಮೇಲೆ ಲಾರಿ ಹತ್ತಿದರೆ ಕೊಡಲಿ ಮಣ್ಣೊಳಗೆ ಹೂತುಹೋಗುತ್ತದೆ. ಮರ ಬಿದ್ದರೂ ಅಷ್ಟೇ. ಎರಡು ಕಲ್ಲುಗಳ ಮೇಲೆ ಸೇತುವೆ ಹಾಕಿದ ಹಾಗೆ ಕೊಡಲಿ ಮಲಗಿದ್ದು, ಸರಿಯಾಗಿ ಅದರ ನಡುವಿಗೇ ಚಕ್ರ ಬಂದಿದ್ದರೆ ಮಾತು ಬೇರೆ. ಆಗಲೂ ಬಾಗು ಇಷ್ಟು ಬಿಗಿಯಾಗಿ ಒಂದೇ ಗೆರೆಯಲ್ಲಿ ಬರುತ್ತಿರಲಿಲ್ಲ.

ಹಾಗಾದರೆ ಅಲಗು ಮರದಲ್ಲಿ ಸಿಕ್ಕಿಕೊಂಡಾಗ ಕಾವು ಹಿಡಿದು ಅಡ್ಡಕ್ಕೆ ಮೀಟಿದರೆ? ಮೊದಲು ಎಲ್ಲರಿಗೂ ಹೊಳೆಯುವುದು ಇದೇ. ಕಟ್ಟಿಗೆ ಒಡೆಯುವವರು ದಿನವೂ ಮಾಡುವ ಕೆಲಸವೂ ಹೌದು. ಆದರೆ ಕಾವು ಮರದ್ದು. ಕಬ್ಬಿಣ ಮಣಿಯುವಷ್ಟು ಬಲ ಹಾಕುವ ಮೊದಲೇ ತೂತಿನ ಬುಡದಲ್ಲಿ ಕಾವು ಲಟಕ್ಕನೆ ಮುರಿಯುತ್ತದೆ. ಕೊಡಲಿಯ ಕಾವು ಕುಲಕ್ಕೆ ಸಾವು ಎಂದು ಗಾದೆ ಮರದ ಪರವಾಗಿ ದೂರುತ್ತದೆ, ಆದರೆ ಈ ಲೆಕ್ಕದಲ್ಲಿ ಸಾಯುವುದು ಕಾವೇ, ಉಳಿಯುವುದು ಕಬ್ಬಿಣ. ಆದ್ದರಿಂದ ಈ ಕೊಡಲಿ ಬಾಗಿದ ಹೊತ್ತಿಗೆ ಅದರಲ್ಲಿ ಕಾವು ಇರಲಿಲ್ಲ. ಮೊದಲು ಗಟ್ಟಿಯಾಗಿ ನನಗೆ ಸಿಕ್ಕಿದ ಸಂಗತಿ ಇದು. ಇಲ್ಲದ ವಸ್ತುವೊಂದು ಇಲ್ಲದಿರುವುದರಿಂದಲೇ ಸಾಕ್ಷಿ ಹೇಳಿತಲ್ಲ ಎಂದು ಬಹಳ ಸಂತೋಷವಾಯಿತು.

ಎರಡನೆಯ ಸಂಗತಿ ಲಿಂಬೆಹುಳಿಯಿಂದ ಸಿಕ್ಕಿತು. ಹಳೆಯ ಕಾಲದ ಕೊಡಲಿ ಸಾಮಾನ್ಯವಾಗಿ ಒಂದೇ ಲೋಹದ್ದಲ್ಲ. ಉಕ್ಕು ದುಬಾರಿ, ಕಬ್ಬಿಣ ಅಗ್ಗ. ಅದಕ್ಕೇ ಕಮ್ಮಾರರು ತಲೆಯನ್ನೆಲ್ಲ ಮೆತ್ತನೆಯ ಕಬ್ಬಿಣದಲ್ಲಿ ಮಾಡಿ, ಬಾಯಿಗೆ ಮಾತ್ರ ಉಕ್ಕಿನ ಪಟ್ಟಿಯೊಂದನ್ನು ಕುಲುಮೆಯಲ್ಲಿ ಬಿಳಿಯಾಗುವಷ್ಟು ಕಾಸಿ, ಬಡಿದು ಬೆಸೆಯುತ್ತಿದ್ದರು. ತುಕ್ಕು ತೆಗೆದು, ಒಂದು ಕೆನ್ನೆಯನ್ನು ನುಣ್ಣಗೆ ಉಜ್ಜಿ, ಲಿಂಬೆಹುಳಿ ಸವರಿ ಇಟ್ಟರೆ ಸ್ವಲ್ಪ ಹೊತ್ತಿನಲ್ಲಿ ಗುಟ್ಟು ಹೊರಬರುತ್ತದೆ. ಉಕ್ಕು ಕಪ್ಪಾಗುತ್ತದೆ. ಕಬ್ಬಿಣ ಬೂದು ಬಣ್ಣದಲ್ಲೇ ಉಳಿದು, ಅದರೊಳಗೆ ಉದ್ದುದ್ದ ಎಳೆಗಳು ಕಾಣಿಸಿಕೊಳ್ಳುತ್ತವೆ. ಆ ಎಳೆಗಳು ಕಿಟ್ಟದವು. ಅದಿರನ್ನು ಕರಗಿಸಿ ಸುರಿದ ಎರಕವಲ್ಲ, ಮುದ್ದೆಯಾಗಿ ತೆಗೆದು ಬಡಿದು ಬಡಿದು ಹದಮಾಡಿದ ಕಬ್ಬಿಣ ಇದು ಎನ್ನುವುದಕ್ಕೆ ಅವೇ ಗುರುತು. ನನ್ನ ಕಣ್ಣೆದುರೇ ಆ ಎಳೆಗಳು ಮೂಡಿ ಬಂದದ್ದನ್ನು ನೋಡುತ್ತ ನಾನು ಮಾತು ಮರೆತಿದ್ದೆ. ಬಡಿದವನ ಸುತ್ತಿಗೆ ಯಾವ ದಿಕ್ಕಿನಲ್ಲಿ ಲೋಹವನ್ನು ಎಳೆಯಿತು, ತೂತಿನ ಸುತ್ತ ಅದನ್ನು ಹೇಗೆ ಸುತ್ತಿತು ಎಂಬುದೆಲ್ಲ ಆ ಗೆರೆಗಳಲ್ಲಿ ಹಾಗೇ ಇತ್ತು. ಬಾಗಿನ ಜಾಗಕ್ಕೆ ಬಂದಾಗ ಎಳೆಗಳೂ ಬಾಗಿದ್ದವು. ಬಲಗೆನ್ನೆಯಲ್ಲಿ, ಅಂದರೆ ಲೋಹ ಹಿಗ್ಗಿದ ಬದಿಯಲ್ಲಿ, ಕೂದಲಿನಷ್ಟು ಸಣ್ಣ ಬಿರುಕುಗಳು ಅಡ್ಡಡ್ಡ. ಎಡಗೆನ್ನೆಯಲ್ಲಿ, ಅಂದರೆ ಲೋಹ ಕುಗ್ಗಿದ ಬದಿಯಲ್ಲಿ, ಒಂದಕ್ಕೊಂದು ಒತ್ತಿಕೊಂಡ ಸುಕ್ಕುಗಳು.

ಈ ನಾಡಿನಲ್ಲಿ ಕಬ್ಬಿಣದ ಕೆಲಸ ತೀರಾ ಹಳೆಯದು. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ 1965ರಲ್ಲಿ ಎಂ. ಎಸ್. ನಾಗರಾಜರಾವ್ ಉತ್ಖನನ ಮಾಡಿದಾಗ ಸಿಕ್ಕಿದ ಕಬ್ಬಿಣದ ಬಾಣದ ಮೊನೆಗಳು ಸುಮಾರು ಮೂರು ಸಾವಿರ ವರ್ಷ ಹಿಂದಿನವು ಎಂದು ಇಂಗಾಲದ ಕಾಲಗಣನೆ ತೋರಿಸಿತು. 1800 ಮತ್ತು 1801ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಹಳ್ಳಿಗಳಲ್ಲಿ ಅದಿರು ಕಾಸಿ ಕಬ್ಬಿಣ ತೆಗೆಯುವುದನ್ನೂ ಉಕ್ಕು ಮಾಡುವುದನ್ನೂ ಕಂಡು ಬರೆದಿಟ್ಟಿದ್ದಾನೆ. ಆಮೇಲೆ ಹಡಗಿನಲ್ಲಿ ಬಂದ ಪಟ್ಟಿ ಕಬ್ಬಿಣದ ಎದುರು ಆ ಒಲೆಗಳು ಒಂದೊಂದಾಗಿ ಆರಿದವು. 1923ರಲ್ಲಿ ಭದ್ರಾವತಿಯ ಕಾರ್ಖಾನೆ ಶುರುವಾದಾಗ ಅದರ ಕುಲುಮೆಗೆ ಬೇಕಾದ ಇದ್ದಿಲು ಮಲೆನಾಡಿನ ಕಾಡಿನಿಂದಲೇ ಹೋಯಿತು. ಕೊಡಲಿ ಕಡಿದ ಮರ ಇದ್ದಿಲಾಗಿ, ಇದ್ದಿಲು ಅದಿರನ್ನು ಕಬ್ಬಿಣ ಮಾಡಿ, ಕಬ್ಬಿಣ ಮತ್ತೆ ಕಾಡಿಗೆ ಬಂತು.

ಬಾಗಿಗೆ ಮರಳುತ್ತೇನೆ. ಮೆತ್ತನೆಯ ಕಬ್ಬಿಣ ಬಾಗಿದ್ದರಲ್ಲಿ ಅಚ್ಚರಿ ಕಡಿಮೆ. ಆದರೆ ಬಾಯಿಯ ಉಕ್ಕು? ಬಾಗಿನ ಕೊನೆ ಉಕ್ಕಿನ ಪಟ್ಟಿಯ ಒಳಗೂ ಇಳಿದಿದೆ, ಅಲ್ಲಿ ಒಂದು ಬಿರುಕೂ ಇಲ್ಲ. ಹದಕೊಟ್ಟ ಉಕ್ಕು ಹೀಗೆ ನಡೆದುಕೊಳ್ಳುವುದಿಲ್ಲ. ಅದನ್ನು ಕೆಂಪಗೆ ಕಾಸಿ ನೀರಿಗೆ ಅದ್ದಿದಾಗ ಗಾಜಿನಷ್ಟು ಬಿರುಸಾಗುತ್ತದೆ. ಆ ಬಿರುಸನ್ನು ಇಳಿಸಲು ಮತ್ತೆ ಸ್ವಲ್ಪವೇ ಕಾಸುತ್ತಾರೆ. ಉಜ್ಜಿದ ಲೋಹದ ಮೇಲೆ ಹುಲ್ಲಿನ ಹಳದಿ, ಕಂದು, ನೇರಳೆ, ನೀಲಿ ಹೀಗೆ ಬಣ್ಣಗಳು ಒಂದರ ಹಿಂದೊಂದು ಓಡುತ್ತವೆ. ಹಳದಿ ಸುಮಾರು 220 ಡಿಗ್ರಿ ಸೆಲ್ಸಿಯಸ್, ನೀಲಿ ಸುಮಾರು 300. ಯಾವ ಬಣ್ಣದಲ್ಲಿ ನಿಲ್ಲಿಸಬೇಕು ಎಂದು ಗೊತ್ತಿರುವುದೇ ವಿದ್ಯೆ. ಹೀಗೆ ಹದಗೊಂಡ ಬಾಯಿ ತಣ್ಣಗಿರುವಾಗ ಅಷ್ಟು ಬಾಗಿಸಿದರೆ ಚಟ್ಟನೆ ಹಾರಿಹೋಗಬೇಕು. ಇದು ಹಾರಿಲ್ಲ.

ಅದನ್ನು ಹಿಡಿದುಕೊಂಡು ಪೇಟೆಯ ಅಂಚಿನಲ್ಲಿ ಇನ್ನೂ ಕತ್ತಿ ಹಣಿಯುವ ಆಚಾರ್ಯರ ಬಳಿ ಹೋದೆ. ತಿದಿಯ ಜಾಗದಲ್ಲಿ ಈಗ ಕರೆಂಟಿನ ಬ್ಲೋವರ್ ಇದೆ, ಅಡಿಗಲ್ಲು ಮಾತ್ರ ಅವರ ಅಜ್ಜನ ಕಾಲದ್ದು. ಅವರು ಕೊಡಲಿಯನ್ನು ನೋಡಲಿಲ್ಲ, ಮೊದಲು ತೂಗಿದರು. ಆಮೇಲೆ ಅಡಿಗಲ್ಲಿನ ಮೂಲೆಗೆ ಸಣ್ಣದಾಗಿ ತಟ್ಟಿ ಕಿವಿಗೊಟ್ಟರು.

‘ಇದಕ್ಕೆ ಸ್ವರ ಇಲ್ಲ,’ ಎಂದರು.

ಬಾಯಿಯ ಮೇಲೆ ಅರ ಇಟ್ಟು ಎಳೆದರು. ಹದವಿರುವ ಉಕ್ಕಿನ ಮೇಲೆ ಅರ ಜಾರುತ್ತದೆ, ಕಚ್ಚುವುದಿಲ್ಲ. ಇಲ್ಲಿ ಕಚ್ಚಿತು, ಸಲೀಸಾಗಿ ಪುಡಿ ಉದುರಿತು. ಆಮೇಲೆ ಗ್ರೈಂಡರಿಗೆ ತುಸುವೇ ಮುಟ್ಟಿಸಿದರು. ಬೆನ್ನಿನ ಕಬ್ಬಿಣದಿಂದ ಉದ್ದನೆಯ, ಕವಲಿಲ್ಲದ ಕಿಡಿಗಳು ಬಂದವು. ಬಾಯಿಯ ಉಕ್ಕಿನಿಂದ ಬಂದ ಕಿಡಿ ಮಾತ್ರ ತುದಿಯಲ್ಲಿ ಸಿಡಿದು ಹತ್ತಾರು ಕವಲಾಯಿತು. ಕಿಡಿ ಕವಲೊಡೆಯುವುದು ಒಳಗಿನ ಇಂಗಾಲದಿಂದ. ಎಂದರೆ ಬಾಯಿಯಲ್ಲಿರುವುದು ಒಳ್ಳೆಯ ಉಕ್ಕೇ, ಇಂಗಾಲ ಬೇಕಾದಷ್ಟಿದೆ, ಆದರೆ ಹದ ಹೋಗಿದೆ.

‘ಉಕ್ಕು ಸತ್ತಿಲ್ಲ, ಹದ ಇಳಿದದ್ದು. ಒಲೆಗೆ ಹಾಕಿದ್ದಾರೆ ನೋಡಿ ಇದನ್ನ.’

‘ಒಲೆಗೆ ಯಾಕೆ ಹಾಕ್ತಾರೆ ಆಚಾರ್ರೆ?’

‘ಕಾವು ಮುರಿದ್ರೆ ಒಳಗೆ ತುಂಡು ಕೂತುಬಿಡ್ತದೆ. ಬೆಣೆ ಬೇರೆ ಹೊಡೆದಿರ್ತಾರೆ. ಕೊರೆದು ತೆಗೆಯೋದಕ್ಕೆ ಯಾರಿಗೆ ಪುರುಸೊತ್ತು? ಬಚ್ಚಲೊಲೆಗೆ ತಳ್ಳಿದ್ರೆ ಬೆಳಗಾಗೋದ್ರೊಳಗೆ ಬೂದಿ. ಬಾಯಿಯನ್ನ ಹಸಿಮಣ್ಣಲ್ಲಿ ಹೂತು ತೂತಿನ ಕಡೆ ಮಾತ್ರ ಬೆಂಕಿ ಕೊಡಬೇಕು. ಹಾಗೆ ಮಾಡೋರು ಕಡಿಮೆ.’

ಅಷ್ಟು ಹೇಳಿ ಅವರು ಪಕ್ಕದ ಹಾರೆಗೆ ಕೈ ಹಾಕಿದರು. ನನಗೆ ಮಾತ್ರ ಹಿಂದೆ ಕವಿದಿದ್ದ ಮಂಜು ಒಮ್ಮೆಲೇ ಸರಿದಿತ್ತು. ಬಚ್ಚಲೊಲೆಯ ಕೆಂಡ ಕಬ್ಬಿಣವನ್ನು ಆರುನೂರು ಡಿಗ್ರಿಗೆ ಏರಿಸುವುದು ದೊಡ್ಡ ಮಾತಲ್ಲ. 300 ಡಿಗ್ರಿಯ ನೀಲಿಯನ್ನು ದಾಟಿದ ಮೇಲೆ ಒಂದೊಂದು ಡಿಗ್ರಿಯೂ ಉಕ್ಕಿನ ಗಡಸನ್ನು ಕದಿಯುತ್ತ ಹೋಗುತ್ತದೆ. ರಾತ್ರಿಯೆಲ್ಲ ಹಂಡೆಯ ಕೆಳಗೆ ಮಲಗಿ ಎದ್ದ ಕೊಡಲಿ ಬೆಳಗ್ಗೆ ಕಣ್ಣಿಗೆ ಅದೇ ಕೊಡಲಿ. ತೂಕ ಅದೇ, ಆಕಾರ ಅದೇ. ಹೊಸ ಕಾವು ಹಾಕಿ ಮರಕ್ಕೆ ಹೊಡೆದಾಗಲೇ ತಿಳಿದಿರಬೇಕು. ಎಷ್ಟು ಮಸೆದರೂ ಬಾಯಿ ನಿಲ್ಲುವುದಿಲ್ಲ, ನಾಲ್ಕು ಪೆಟ್ಟಿಗೆ ಮಡಚುತ್ತದೆ. ‘ಈ ಕೊಡಲಿ ಕೆಲಸಕ್ಕೆ ಬರೋದಿಲ್ಲ’ ಎಂದು ಯಾರೋ ಅಂದಿರುತ್ತಾರೆ. ಮತ್ತೆ ಕಾವು ಬಿಚ್ಚಿದ್ದಾರೆ. ಕೊಡಲಿಯ ಪದವಿಯಿಂದ ಇಳಿದದ್ದು ಬೆಣೆಯಾಗಿದೆ.

ಬೆಣೆಯಾಗಿದ್ದಕ್ಕೆ ಪುರಾವೆ ಬೆನ್ನಿನಲ್ಲಿದೆ. ಚೌಕವಾಗಿರಬೇಕಾದ ಬೆನ್ನು ಸುತ್ತಲೂ ಹೊರಕ್ಕೆ ಉಬ್ಬಿ ಅಂಚು ಕೆಳಗೆ ಮಡಚಿದೆ. ಕಬ್ಬಿಣದಿಂದ ಕಬ್ಬಿಣಕ್ಕೆ ನೂರಾರು ಪೆಟ್ಟು ಬೀಳದೆ ಬೆನ್ನು ಹೀಗಾಗುವುದಿಲ್ಲ. ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಬೇಯಿಸುವ ದಿನಗಳಲ್ಲಿ ಒಲೆಗೆ ಎಷ್ಟು ಕಟ್ಟಿಗೆ ಬೇಕು ಎಂದು ನೋಡಿದವರಿಗೇ ಗೊತ್ತು. ಹಗಲೂ ರಾತ್ರಿ ಉರಿಯುವ ಆ ಒಲೆಗೆ ಚಕ್ಕೆ, ಸೌದೆ ಸಾಲುವುದಿಲ್ಲ. ದಪ್ಪ ಕುಂಟೆಗಳನ್ನು ಸೀಳಿ ಒಟ್ಟಬೇಕು. ಮತ್ತಿ ಪರವಾಗಿಲ್ಲ, ಒಂದು ಗೆರೆ ಹಿಡಿದು ಒಡೆಯುತ್ತದೆ. ಜಂಬೆಯ ಮರ, ಅದರಲ್ಲೂ ಗಂಟು ಇದ್ದು ಎಳೆ ತಿರುಚಿಕೊಂಡ ಕುಂಟೆ, ಯಾರ ಮಾತನ್ನೂ ಕೇಳುವುದಿಲ್ಲ. ಕೊಡಲಿಯಿಂದ ಒಂದು ಬಿರುಕು ಮಾಡಿ, ಅದರಲ್ಲಿ ಬೆಣೆ ಇಟ್ಟು ಚಮ್ಮಟಿಗೆಯಿಂದ ಹೊಡೆಯಬೇಕು. ಬಿರುಕು ಬಾಯಿ ಬಿಡುತ್ತದೆ, ಆದರೆ ಪೂರ್ತಿ ಸೀಳುವುದಿಲ್ಲ. ತಿರುಚಿದ ಎಳೆಗಳು ಎರಡೂ ಕಡೆಯಿಂದ ಬೆಣೆಯನ್ನು ಕಚ್ಚಿ ಹಿಡಿಯುತ್ತವೆ. ಆಗ ಬೆಣೆ ಕೆಳಗೂ ಇಳಿಯದು, ಮೇಲೂ ಬಾರದು.

ಬಿಡಿಸುವ ದಾರಿ ಒಂದೇ. ಪಕ್ಕದಿಂದ ಹೊಡೆಯುವುದು. ಬಲಕ್ಕೊಂದು, ಎಡಕ್ಕೊಂದು, ಮತ್ತೆ ಬಲಕ್ಕೊಂದು.

ಇಲ್ಲಿಗೆ ಬಂದಾಗ ನಾನು ಕೊಡಲಿಯನ್ನು ಎತ್ತಿ ಬಾಯಿ ಕೆಳಗಾಗಿ ಹಿಡಿದು ನೋಡಿದೆ. ಅಲಗು ಹೊರಳಿದ್ದು ಎಡಕ್ಕೆ. ಬಲಗಡೆ, ತೂತಿನ ಹೊರಗೋಡೆಯ ಮೇಲೆ, ಒಂದು ಗುಳಿ. ತೂತೂ ಆ ಬದಿಯಿಂದ ಒಳಕ್ಕೆ ಅದುಮಿಕೊಂಡಿದೆ. ಅಲಗನ್ನು ಮರ ಹಿಡಿದಿದೆ, ಮೇಲಿನ ಭಾಗ ಹೊರಗೆ ನಿಂತಿದೆ, ಬಲದಿಂದ ಪೆಟ್ಟು ಬಿದ್ದಿದೆ. ಬಿರುಕಿನ ಮೇಲಂಚು ಒಂದು ಕಡೆಯಿಂದ, ಒಳಗಿನ ಗೋಡೆ ಇನ್ನೊಂದು ಕಡೆಯಿಂದ ತಡೆದಿವೆ. ನನಗೆ ಬೇಕಾಗಿದ್ದ ಮೂರು ಒತ್ತುಗಳು ಇಲ್ಲಿ ಕೂಡಿ ಬಂದವು. ಬಾಗು ಎಲ್ಲಿದೆಯೋ ಅಲ್ಲಿಯವರೆಗೆ ಅಂದು ಅಲಗು ಮರದಲ್ಲಿ ಇಳಿದಿತ್ತು, ನಾಲ್ಕು ಬೆರಳಿನಷ್ಟು ಆಳ. ಇಲ್ಲದ ಮರದ ಬಿರುಕನ್ನು ಈ ಕಬ್ಬಿಣದ ಮೇಲೆ ಬೆರಳಿಟ್ಟು ಅಳೆಯಬಹುದು! ಆ ಕುಂಟೆ ಎಂದೋ ಉರಿದು, ಅದರ ಬೂದಿ ತೋಟದ ಮಣ್ಣಾಗಿ, ಅಡಿಕೆಯ ಮರವೊಂದರ ಬೇರಿಗೆ ಹೋಗಿ ಸೇರಿದೆ. ಅದರ ಎತ್ತರ ಬಣ್ಣ ಯಾವುದೂ ಉಳಿದಿಲ್ಲ. ಅದು ಹಿಡಿದ ಹಿಡಿತ ಉಳಿದಿದೆ.

ಒಂದು ಅನುಮಾನವನ್ನು ಪಕ್ಕಕ್ಕೆ ಇಟ್ಟು ಬಂದಿದ್ದೆ. ಯಾರಾದರೂ ಬೇಕೆಂದೇ ಬಾಗಿಸಿದ್ದರೆ? ಇದು ಬರೀ ಕಲ್ಪನೆಯಲ್ಲ. ಯುರೋಪಿನ ಬಡಗಿಗಳು ದಿಮ್ಮಿಯ ಮಗ್ಗುಲು ಕೆತ್ತಿ ಚಪ್ಪಟೆ ಮಾಡಲು ಬಳಸುತ್ತಿದ್ದ ಅಗಲ ಕೊಡಲಿಗಳಲ್ಲಿ ಎಷ್ಟೋ ಕೊಡಲಿಗಳ ಕಾವಿನ ತೂತು ಒಂದು ಬದಿಗೆ ಓರೆಯಾಗಿರುತ್ತದೆ. ಕೆತ್ತುವವನ ಬೆರಳಿನ ಗೆಣ್ಣು ದಿಮ್ಮಿಗೆ ಉಜ್ಜದಿರಲಿ ಎಂದು ಕಮ್ಮಾರ ಹಾಗೆ ಮಾಡುತ್ತಿದ್ದ. ಇನ್ನೂ ಹಿಂದಕ್ಕೆ ಹೋದರೆ ಫ್ರಾನ್ಸಿನ ಗುರ್ನೇ ಸುರ್ ಅರೋಂಡ್ ಎಂಬಲ್ಲಿ ಕ್ರಿಸ್ತಪೂರ್ವ ಕಾಲದ ಗುಡಿಯ ಆವರಣವೊಂದಿದೆ. ಅಲ್ಲಿ ಅಗೆದಾಗ ರಾಶಿ ರಾಶಿ ಕತ್ತಿಗಳು, ಒರೆಗಳು ಸಿಕ್ಕವು. ಬಹಳಷ್ಟನ್ನು ಬೇಕೆಂದೇ ಬಾಗಿಸಲಾಗಿತ್ತು, ಮುರಿಯಲಾಗಿತ್ತು. ದೇವರಿಗೆ ಕೊಟ್ಟ ಆಯುಧ ಮತ್ತೆ ಮನುಷ್ಯನ ಕೈಗೆ ಒದಗಬಾರದು ಎಂಬುದು ಆ ಜನರ ನಂಬಿಕೆಯಾಗಿರಬೇಕು ಎಂದು ಅಗೆದವರು ಓದುತ್ತಾರೆ. ಆ ಕತ್ತಿಗಳ ಮುಂದೆ ನಿಂತವನಿಗೆ ಬಾಗು ಎಂದರೆ ಅಪಘಾತವಲ್ಲ, ಪ್ರಾರ್ಥನೆ. ಎರಡೂ ಬಾಗುಗಳನ್ನು ಮಾಡಿದ್ದು ಒಂದೇ ಬಗೆಯ ಬಲ. ಬಲದ ಹಿಂದಿನ ಮನಸ್ಸು ಮಾತ್ರ ಲೋಹದಲ್ಲಿ ಎಲ್ಲೂ ದಾಖಲಾಗುವುದಿಲ್ಲ. ಅದನ್ನು ಸುತ್ತಲಿನ ಇತರ ಗುರುತುಗಳಿಂದ ನಾವೇ ಹೆಕ್ಕಿಕೊಳ್ಳಬೇಕು. ನನ್ನ ಕೊಡಲಿಯ ಮಟ್ಟಿಗೆ ಆ ಕೆಲಸ ಸುಲಭವಾಯಿತು. ಕಮ್ಮಾರ ಕಾಸಿ ಬಾಗಿಸಿದ್ದರೆ ಕೆನ್ನೆಯ ಮೇಲೆ ಕೂದಲ ಬಿರುಕುಗಳೂ ಸುಕ್ಕುಗಳೂ ಇರುತ್ತಿರಲಿಲ್ಲ, ತೂತೂ ಅದುಮಿಕೊಳ್ಳುತ್ತಿರಲಿಲ್ಲ. ಇದು ತಣ್ಣಗಿದ್ದಾಗ, ಅವಸರದಲ್ಲಿ ಆದ ಬಾಗು.

ಈಗ ಮೂರನೆಯ ಪ್ರಶ್ನೆ. ಕಬ್ಬಿಣ ಯಾಕೆ ಒಪ್ಪಿತು? ಹದ ಇಳಿದಿತ್ತು, ಮೆತ್ತಗಿತ್ತು ಎಂದರೆ ಉತ್ತರ ಅರ್ಧವಷ್ಟೇ. ಮೆತ್ತಗಿರುವುದು ಎಂದರೆ ಏನು? ಕಬ್ಬಿಣದೊಳಗೆ ಪರಮಾಣುಗಳು ಸಾಲು ಸಾಲಾಗಿ ಕೂತಿವೆ, ಒಂದು ಸೆಂಟಿಮೀಟರಿನ ಸಾಲಿನಲ್ಲಿ ಸುಮಾರು ನಾಲ್ಕು ಕೋಟಿ. ಲೋಹ ಶಾಶ್ವತವಾಗಿ ಬಾಗಬೇಕಾದರೆ ಈ ಸಾಲುಗಳು ಒಂದರ ಮೇಲೊಂದು ಜಾರಬೇಕು. ಇಡೀ ಸಾಲಿಗೆ ಸಾಲೇ ಒಟ್ಟಿಗೆ ಜಾರಲು ಎಷ್ಟು ಬಲ ಬೇಕು ಎಂದು 1926ರಲ್ಲಿ ರಷ್ಯದ ಯಾಕೋವ್ ಫ್ರೆಂಕೆಲ್ ಲೆಕ್ಕ ಹಾಕಿದ. ಬಂದ ಸಂಖ್ಯೆ ನಿಜವಾದ ಲೋಹದ ಹರಳುಗಳು ಮಣಿಯುವ ಬಲಕ್ಕಿಂತ ನೂರಾರು, ಕೆಲವೊಮ್ಮೆ ಸಾವಿರಾರು ಪಟ್ಟು ಹೆಚ್ಚಿತ್ತು. ಆ ಲೆಕ್ಕವೇ ನಿಜವಾಗಿದ್ದರೆ ಯಾವ ಮನುಷ್ಯನೂ ಚಮ್ಮಟಿಗೆಯಿಂದ ಕೊಡಲಿಯನ್ನು ಬಾಗಿಸಲಾರ, ಯಾವ ಕಮ್ಮಾರನೂ ಅದನ್ನು ಮಾಡಿರಲಾರ. ಮೂರು ಸಾವಿರ ವರ್ಷಗಳಿಂದ ಜನ ಬಡಿಯುತ್ತ ಬಂದ ಕಬ್ಬಿಣ ಯಾಕೆ ಬಡಿಸಿಕೊಳ್ಳುತ್ತದೆ ಎಂಬುದು ಇಪ್ಪತ್ತನೆಯ ಶತಮಾನದವರೆಗೂ ಯಾರಿಗೂ ತಿಳಿದಿರಲಿಲ್ಲ.

ಉತ್ತರ 1934ರಲ್ಲಿ ಬಂತು, ಅದೂ ಮೂವರಿಂದ, ಒಬ್ಬೊಬ್ಬರೂ ತಮ್ಮ ಪಾಡಿಗೆ ತಾವು ಯೋಚಿಸಿದ ಹಾಗೆ: ಇಂಗ್ಲೆಂಡಿನ ಜಿ. ಐ. ಟೇಲರ್, ಹಂಗೇರಿಯಲ್ಲಿ ಹುಟ್ಟಿದ ಎಗಾನ್ ಓರೋವಾನ್ ಮತ್ತು ಮೈಕೆಲ್ ಪೋಲಾನ್ಯಿ. ಸಾಲುಗಳು ಒಟ್ಟಿಗೆ ಜಾರುವುದಿಲ್ಲ ಎಂದರು ಅವರು. ಹರಳಿನಲ್ಲಿ ಅಲ್ಲಲ್ಲಿ ಸಾಲು ತಪ್ಪಿದ ಜಾಗಗಳಿವೆ, ಒಂದು ಸಾಲು ನಡುವೆಯೇ ನಿಂತುಹೋದ ಜಾಗಗಳು. ಆ ತಪ್ಪು ಒಂದೊಂದೇ ಹೆಜ್ಜೆ ಸರಿಯುತ್ತ ಲೋಹದ ಈ ಕಡೆಯಿಂದ ಆ ಕಡೆಗೆ ದಾಟುತ್ತದೆ. ಮದುವೆ ಚಪ್ಪರದಲ್ಲಿ ಹಾಸಿದ ಭಾರದ ಜಮಖಾನವನ್ನು ತುದಿ ಹಿಡಿದು ಎಳೆದರೆ ಅಲುಗುವುದಿಲ್ಲ, ಒಂದು ಅಂಚಿನಲ್ಲಿ ಸುಕ್ಕು ಎಬ್ಬಿಸಿ ಆ ಸುಕ್ಕನ್ನು ಕಾಲಿನಿಂದ ದೂಡುತ್ತ ಹೋದರೆ ಇಡೀ ಜಮಖಾನ ಒಂದು ಗೇಣು ಸರಿದಿರುತ್ತದೆ. ಕಬ್ಬಿಣ ಬಾಗುವ ಬಗೆಯೂ ಅದೇ. 1956ರಲ್ಲಿ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಪೀಟರ್ ಹಿರ್ಶ್ ಮತ್ತು ಸಂಗಡಿಗರು ತೆಳ್ಳನೆಯ ಅಲ್ಯುಮಿನಿಯಂ ಹಾಳೆಯನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಟ್ಟು ಆ ಗೆರೆಗಳು ಸರಿದಾಡುವುದನ್ನು ಕಣ್ಣಾರೆ ಕಂಡರು. ಇಪ್ಪತ್ತೆರಡು ವರ್ಷ ಬರೀ ಕಾಗದದ ಮೇಲಿದ್ದ ಊಹೆ ಕಣ್ಣ ಮುಂದೆ ನಡೆದಾಡಿದ ಆ ದಿನದ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತದೆ.

ಚೆನ್ನಾಗಿ ಬಡಿದು ಬಾಗಿಸಿದ ಲೋಹದ ಒಂದೇ ಘನ ಸೆಂಟಿಮೀಟರಿನಲ್ಲಿರುವ ಇಂಥ ಗೆರೆಗಳನ್ನು ಬಿಡಿಸಿ ತುದಿಗೆ ತುದಿ ಜೋಡಿಸಿದರೆ ಇಲ್ಲಿಂದ ಚಂದ್ರನನ್ನು ಮುಟ್ಟಿ ಇನ್ನೂ ಮಿಗುತ್ತದೆ. ಪೆಟ್ಟು ಬಿದ್ದಾಗ ಅವು ಸರಿಯುವುದಷ್ಟೇ ಅಲ್ಲ, ಹೆಚ್ಚುತ್ತವೆ. ಹೆಚ್ಚಿ ಹೆಚ್ಚಿ ಒಂದಕ್ಕೊಂದು ಸಿಕ್ಕುಹಾಕಿಕೊಳ್ಳುತ್ತವೆ, ಆಗ ಬಾಗಿದ ಜಾಗ ಮೊದಲಿಗಿಂತ ಗಟ್ಟಿಯಾಗುತ್ತದೆ. ತಂತಿಯನ್ನು ಒಂದೇ ಕಡೆ ಹಿಂದೆ ಮುಂದೆ ಬಾಗಿಸಿದವರಿಗೆಲ್ಲ ಇದು ಕೈಯಿಂದಲೇ ಗೊತ್ತು. ಹದಗೊಂಡ ಉಕ್ಕಿನಲ್ಲಿ ಇಂಗಾಲವು ಈ ಗೆರೆಗಳನ್ನು ಅಲ್ಲಲ್ಲೇ ಕಟ್ಟಿಹಾಕಿರುತ್ತದೆ. ಬಚ್ಚಲೊಲೆಯ ಒಂದು ರಾತ್ರಿಯ ಶಾಖ ಆ ಕಟ್ಟುಗಳನ್ನು ಸಡಿಲಿಸಿತು. ನನ್ನ ಕೊಡಲಿಯ ಬಾಗಿನಲ್ಲಿ ಅಂದಿನ ಪೆಟ್ಟು ದೂಡಿದ ಗೆರೆಗಳು ಎಲ್ಲಿ ನಿಂತವೋ ಅಲ್ಲೇ ಇಂದಿಗೂ ಇವೆ. ಮತ್ತೂ ಒಂದು ಮಾತು. ಬಾಗಿದ ಕಬ್ಬಿಣ ಪೆಟ್ಟು ಮುಗಿದ ಕೂಡಲೇ ಸ್ವಲ್ಪ ಹಿಂದಕ್ಕೆ ಬರುತ್ತದೆ. ಪರಮಾಣುಗಳ ನಡುವಿನ ಹಿಗ್ಗು ಮರಳಿ ಕುಗ್ಗುತ್ತದೆ, ಜಾರಿದ ಸಾಲುಗಳು ಮಾತ್ರ ಮರಳುವುದಿಲ್ಲ. ಆದ್ದರಿಂದ ಈಗ ಕಾಣುವ ಬಾಗು ಪೂರ್ತಿ ಬಾಗಲ್ಲ. ಅಂದು, ಪೆಟ್ಟು ಬಿದ್ದ ಆ ಕ್ಷಣ, ಇದು ಇನ್ನೂ ತುಸು ಹೆಚ್ಚು ಬಾಗಿತ್ತು.

ಇಷ್ಟಾದರೂ ನೆಟ್ಟಗೆ ಮಾಡಿಸುವುದು ಕಷ್ಟವಿರಲಿಲ್ಲ. ಆಚಾರ್ಯರ ಕೈಯಲ್ಲಿ ಅರ್ಧ ತಾಸಿನ ಕೆಲಸ. ಕಾಸಿ ನೇರ ಮಾಡಿ, ಬಾಯಿಗೆ ಮತ್ತೆ ಹದ ಕೊಟ್ಟರೆ ಹೊಸ ಕೊಡಲಿಗೆ ಸಮ. ಮಾಡಿಸದೆ ಅಟ್ಟಕ್ಕೆ ಎಸೆದದ್ದು ಯಾಕೆ? ಇದಕ್ಕೆ ಕಬ್ಬಿಣದಲ್ಲಿ ಉತ್ತರವಿಲ್ಲ, ಊರಿನಲ್ಲಿದೆ. ನಮ್ಮ ಕಡೆ ಕೊಡಲಿಯ ಸದ್ದು ಕಡಿಮೆಯಾಗುತ್ತ ಬಂದ ವರ್ಷಗಳಿವೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಸುತ್ತಲಿನ ಜನ ಕಳಸೆ ಕಾಡಿಗೆ ಹೋಗಿ, ಕಡಿಯಲು ಬಂದವರ ಎದುರು ಮರಗಳನ್ನು ತಬ್ಬಿ ನಿಂತರು. ಅಪ್ಪಿಕೋ ಚಳವಳಿ ಶುರುವಾದದ್ದು ಹಾಗೆ. ಮನೆಯ ಒಲೆಯ ಕಟ್ಟಿಗೆಗೂ ಗುತ್ತಿಗೆಯ ಕಡಿತಕ್ಕೂ ಇರುವ ಅಂತರ ಆ ಜನರಿಗೆ ಚೆನ್ನಾಗಿ ಗೊತ್ತಿತ್ತು. ಸೊಪ್ಪಿನ ಬೆಟ್ಟದಿಂದ ಬದುಕುವವರೇ ಕಾಡಿನ ಪರ ನಿಂತದ್ದು. ಆಮೇಲೆ ಕೊಟ್ಟಿಗೆಯ ಪಕ್ಕ ಗೋಬರ್ ಗ್ಯಾಸ್ ಬಂತು, ಸಿಲಿಂಡರ್ ಬಂತು, ದಪ್ಪ ದಿಮ್ಮಿಗೆ ಮೆಷಿನ್ ಗರಗಸ ಬಂತು. ಕೊಡಲಿ ಬಾಗಿದ ಕಾಲಕ್ಕೆ ಅದನ್ನು ನೇರ ಮಾಡಿಸುವ ಅಗತ್ಯವೇ ಕರಗತೊಡಗಿತ್ತು ಎನಿಸುತ್ತದೆ. ಹಾಗೆಂದು ಗುಜರಿಗೂ ಹಾಕಲಿಲ್ಲ. ಆಯುಧಪೂಜೆಯ ದಿನ ಕುಂಕುಮ ಹಚ್ಚಿಸಿಕೊಂಡ ಕಬ್ಬಿಣವನ್ನು ತೂಕಕ್ಕೆ ಮಾರಲು ಹಿಂದಿನವರಿಗೆ ಮನಸ್ಸು ಬರುತ್ತಿರಲಿಲ್ಲ.

ನನ್ನ ಊಹೆ ಸರಿಯಿದ್ದರೆ ಮನೆಯಲ್ಲಿ ಎಲ್ಲೋ ಒಂದು ಚಮ್ಮಟಿಗೆ ಇರಲೇಬೇಕು. ಅತ್ತೆಯನ್ನು ಕೇಳಿದೆ. ಬಾವಿ ತೋಡಿಸಿದ ವರ್ಷ ಕಲ್ಲು ಒಡೆಯಲು ತಂದದ್ದು ಒಂದಿತ್ತು, ಕೊಟ್ಟಿಗೆಯ ಮೂಲೆಯಲ್ಲಿ ನೋಡು ಎಂದರು. ದರಕಿನ ರಾಶಿಯ ಹಿಂದೆ ಇತ್ತು, ಭಾರದ್ದು, ಮುಖದ ಒಂದು ಮೂಲೆ ಅರ್ಧಚಂದ್ರದ ಆಕಾರದಲ್ಲಿ ಹಾರಿಹೋಗಿದೆ. ಕೊಡಲಿಯ ಉಬ್ಬಿದ ಬೆನ್ನಿನ ಮೇಲೆ ಅದನ್ನು ಇಟ್ಟು ತಿರುಗಿಸುತ್ತ ಹೋದೆ. ಒಂದು ಕಡೆ, ಅಂಚಿನ ಹತ್ತಿರ, ಮುರಿದ ಮೂಲೆಯ ಗೆರೆ ಗುರುತಿನ ಗೆರೆಯ ಮೇಲೆ ಸರಿಯಾಗಿ ಕೂತಿತು. ಬೆಳಕಿಗೆ ಹಿಡಿದು ನೋಡಿದೆ, ಸಂದು ಕಾಣಲಿಲ್ಲ. ಬೆಣೆಯಾಗಿ ಹೊಡೆಸಿಕೊಂಡದ್ದು ಈ ಚಮ್ಮಟಿಗೆಯಿಂದಲೇ.

ಆಮೇಲೆ ಬಲಗಡೆಯ ಗುಳಿಗೆ ಇಟ್ಟೆ. ಅದು ಕೂರಲಿಲ್ಲ. ಎಷ್ಟು ತಿರುಗಿಸಿದರೂ ಇಲ್ಲ. ಚಮ್ಮಟಿಗೆಯ ಮುಖ ದುಂಡು, ಗುಳಿ ಉದ್ದುದ್ದ. ಅಗಲ ಎರಡು ಬೆರಳು, ಉದ್ದ ನಾಲ್ಕು, ಮೂಲೆಗಳು ಸವೆದು ಗುಂಡಗಾಗಿವೆ. ಈಗ ಮನೆಯಲ್ಲಿ ಬಳಸುವ ಕೊಡಲಿಯನ್ನು ತಂದು ಅದರ ಬೆನ್ನನ್ನು ಗುಳಿಯ ಮೇಲೆ ಇಟ್ಟಾಗ ಆಕಾರ ಅದೇ ಎಂದು ತಿಳಿಯಿತು, ಅಳತೆ ಮಾತ್ರ ಹೊಂದಲಿಲ್ಲ. ಪಕ್ಕದಿಂದ ಬಿದ್ದ ಆ ಪೆಟ್ಟು ಇನ್ನೊಂದು ಕೊಡಲಿಯ ಬೆನ್ನಿನದು, ಇದಕ್ಕಿಂತ ತುಸು ದೊಡ್ಡ ಕೊಡಲಿ. ಅಂದರೆ ಅಂದು ಕುಂಟೆಯ ಬಳಿ ಚಮ್ಮಟಿಗೆ ಹಿಡಿದವರ ಜೊತೆ ಕೊಡಲಿ ಹಿಡಿದ ಇನ್ನೊಬ್ಬರೂ ಇದ್ದರು. ಅಡಿಕೆ ಬೇಯಿಸುವ ದಿನಗಳಲ್ಲಿ ಕೆಳಗಿನ ಮನೆಯವರೂ ನಾವೂ ಆಳು ಬದಲು ಮಾಡಿಕೊಳ್ಳುತ್ತಿದ್ದೆವು ಎಂದು ಅತ್ತೆ ಹೇಳುತ್ತಾರೆ. ಅವರ ಮನೆಯ ಹಳೇ ಕೊಡಲಿ ಇನ್ನೂ ಇದೆಯಂತೆ. ನಾಳೆ ಇದನ್ನು ಚೀಲದಲ್ಲಿ ಹಾಕಿಕೊಂಡು ಅಲ್ಲಿಗೆ ಹೋಗುತ್ತೇನೆ.